ಒಳಗ ನನ್ನ ಜೋಡಿ ಯಾರು ಇರತಾರ?

ಹೋದ ಭಾನುವಾರ ಗುಳೇದಗುಡ್ಡದ ನಮ್ಮ ತವರಿನಲ್ಲಿ ತಂಗಿಯ ಕುಬಸ, ಅಂದರೆ ಸೀಮಂತ ಆಯಿತು. ಅಪ್ಪ ತನ್ನ ಮಗ್ಗದಲ್ಲೇ ನೇಯ್ದ ಹಸಿರು ಖಣ, ಎರಡೂ ಕೈ ತುಂಬ ಹಸಿರು ಬಳೆ, ಐದು ನಮೂನೆ ಸಿಹಿ. ಓಣಿಯ ಹೆಂಗಸರು ಆರತಿ ಮಾಡಿ, ಹಾಡು ಹೇಳಿ, ಎಲೆ ಅಡಿಕೆ ತಗೊಂಡು ಹೋದ ಮೇಲೆ ತಂಗಿ ನನ್ನ ಪಕ್ಕಕ್ಕೆ ಬಂದು ಗೋಡೆಗೆ ಒರಗಿ ಕುಂತಳು. ಬಹಳ ಹೊತ್ತು ಬಳೆ ತಿರುವುತ್ತ ಇದ್ದು, ಆಮೇಲೆ ಮೆಲ್ಲಗೆ ಕೇಳಿದಳು: "ಅಕ್ಕಾ, ಮೊದಲನೇ ಸಲ ಹಡದು ಬಂದಾಗ ನೀ ತಿಂಗಳಗಟ್ಟಲೆ ಅತ್ತಿದ್ದಿ. ಎರಡನೇ ಸಲ ನಕ್ಕೋತ ಬಂದಿ. ಏನ ಬ್ಯಾರೆ ಮಾಡಿದಿ?"

ಆ ರಾತ್ರಿ ಒಂದು ಗಂಟೆಯ ತನಕ ಇಬ್ಬರೂ ಮಾತಾಡಿದೆವು. ಬೆಳಗಾವಿಗೆ ಬಂದ ಮೇಲೂ ಅದೇ ತಲೆಯಲ್ಲಿತ್ತು. ಅವಳಿಗೆ ಹೇಳಿದ್ದನ್ನು ಅವಳಂತೆ ದಿನ ಎಣಿಸುತ್ತಿರುವ ಉಳಿದವರಿಗೂ ಹೇಳಬೇಕು ಅನಿಸಿತು. ನಾನು ಡಾಕ್ಟರ್ ಅಲ್ಲ, ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಎರಡು ಸಲ ಹಡೆದಿದ್ದೇನೆ, ಎರಡೂ ಆಸ್ಪತ್ರೆಯಲ್ಲಿ, ಎರಡೂ ಜನ ಹೇಳುವ ಹಾಗೆ "ನಾರ್ಮಲ್". ಆದರೆ ಆ ಎರಡು ನಾರ್ಮಲ್‌ಗಳ ನಡುವೆ ಆಕಾಶ ಭೂಮಿಯ ಅಂತರ.

ಮೊದಲನೆಯದು ಆರು ವರ್ಷದ ಹಿಂದಿನ ಮಾತು. ನಮ್ಮ ಮನೆಯವರ ನೌಕರಿ ಆಗ ಬೇರೆ ಕಡೆ ಇತ್ತು. ಯಾವ ಊರು, ಯಾವ ಆಸ್ಪತ್ರೆ ಅನ್ನುವುದು ಇಲ್ಲಿ ಬೇಡ. ಬೆಳಿಗ್ಗೆ ಹತ್ತಕ್ಕೆ ಒಳಗೆ ಕರೆದುಕೊಂಡು ಹೋದರು, ಬಾಗಿಲು ಹಾಕಿದರು. ಅವ್ವ ಹೊರಗೆ ಉಳಿದಳು. ಅಂಗಾತ ಮಲಗು ಅಂದರು, ಮಲಗಿದೆ. ಕೈಗೆ ಸಲಾಯಿನ್ ಹಚ್ಚಿದರು. ಅದರಲ್ಲಿ ಬೇನೆ ಹೆಚ್ಚಿಸುವ ಔಷಧಿ ಇದೆ ಎಂದು ನನಗೆ ಗೊತ್ತಾದದ್ದು ಎಷ್ಟೋ ದಿನಗಳ ಮೇಲೆ, ಡಿಸ್ಚಾರ್ಜ್ ಕಾಗದ ಓದಿದಾಗ. ಒಂದು ಬೇನೆ ಮುಗಿಯುವುದರೊಳಗೆ ಇನ್ನೊಂದು ಬರುತ್ತಿತ್ತು. ಮಗ್ಗಲು ಬದಲಿಸಲು ಹೋದರೆ "ಅಲ್ಲಾಡಬೇಡ" ಎಂದು ಗದರಿಸಿದರು. ನೀರು ಕೇಳಿದರೆ ಇಲ್ಲ. ಎದುರಿಗೆ ಒಂದು ಪರದೆ ಇತ್ತು. ಅದಕ್ಕೆ ಹದಿನಾಲ್ಕು ಕೊಂಡಿ, ಮೂರು ಕಿತ್ತಿದ್ದವು. ಒಂಬತ್ತು ತಾಸು ಆ ಹನ್ನೊಂದು ಕೊಂಡಿಗಳನ್ನು ಎಣಿಸಿದ್ದೇನೆ. ಕಡೆಗೆ ಕೂಸು ಬರುವ ದಾರಿಯನ್ನು ಕೊಯ್ದರು. ಕೊಯ್ಯುತ್ತೇವೆ ಎಂದು ಹೇಳಲಿಲ್ಲ, ಹೊಲಿಗೆ ಹಾಕುವಾಗ ಗೊತ್ತಾಯಿತು. ಮಗ ಅತ್ತದ್ದು ಕೇಳಿಸಿತು, ಮುಖ ನೋಡಿದ್ದು ಎರಡು ತಾಸಿನ ಮೇಲೆ. ಹೊರಗೆ ಅಷ್ಟರಲ್ಲಿ ಪೇಡೆ ಹಂಚಿ ಆಗಿತ್ತು.

ಆ ಔಷಧಿ ಕೆಲವರಿಗೆ ನಿಜವಾಗಿ ಬೇಕಾಗುತ್ತದೆ. ನನಗೂ ಬೇಕಿತ್ತೋ ಏನೋ. ನನ್ನ ನೋವು ಅದಲ್ಲ. ಆ ಒಂಬತ್ತು ತಾಸಿನಲ್ಲಿ ಒಬ್ಬರಾದರೂ ನನ್ನ ಮುಖ ನೋಡಿ "ಹೀಗೆ ಮಾಡುತ್ತೇವೆ, ಇದಕ್ಕಾಗಿ" ಎಂದು ಹೇಳಲಿಲ್ಲ. ಹಿಡಿದುಕೊಳ್ಳಲು ಒಂದು ಕೈ ಇರಲಿಲ್ಲ.

ಎರಡನೇ ಸಲ ದಿನ ನಿಂತಾಗ ನನಗೆ ಸಂತೋಷಕ್ಕಿಂತ ಮೊದಲು ಬಂದದ್ದು ಹೆದರಿಕೆ. ಆಗ ಆಯಿಯ ಹತ್ತಿರ ಕೇಳಿದೆ. ಆಯಿ, ಅಂದರೆ ಅವ್ವನ ಅವ್ವ. ಅವಳಿಗೆ ಎಂಬತ್ತು ದಾಟಿದೆ, ಕಿವಿ ಮಂದ, ನೆನಪು ಮಾತ್ರ ಕನ್ನಡಿಯ ಹಾಗೆ. "ನೀ ಹೆಂಗ ಹಡದಿ ಆಯಿ?" ಅಂದೆ. "ಹೆಂಗಂದ್ರ, ಕುಂತ ಹಡದ್ನಿ. ತೊಲಿಗೆ ಹಗ್ಗಾ ಕಟ್ಟಿದ್ರು, ಹಿಡಕೊಂಡು ಕುಕ್ಕರಗಾಲಿಲೆ ಕುಂತ್ನಿ. ಹಿಂದ ನಮ್ಮತ್ತಿ ಟೊಂಕಾ ಹಿಡಿದಿದ್ಲು. ಮುಂದ ಸೂಲಗಿತ್ತಿ. ಅದಕ್ಕೂ ಮೊದಲ ಮುಂಜಾನಿಂದ ಅಡ್ಡಾಡಿದ್ನಿ, ಕಸಾ ಹೊಡದ್ನಿ, ಜ್ವಾಳಾ ಬೀಸಿದ್ನಿ." ಇಷ್ಟು ಹೇಳಿ ಆಯಿ ಸುಮ್ಮನಾದಳು. ಆಮೇಲೆ ತಾನಾಗಿಯೇ ಅಂದಳು: "ಏಳು ಹಡದ್ನಿ, ಐದು ಉಳದ್ವು. ಒಂದು ಅಡ್ಡ ಬಂದಿತ್ತು. ದವಾಖಾನಿ ದೂರಿತ್ತು. ನೀ ದವಾಖಾನ್ಯಾಗ ಹಡಿ."

ನನ್ನ ಇಡೀ ತಯಾರಿಯ ಬುಡ ಈ ಎರಡು ಮಾತಿನಲ್ಲಿದೆ. ಕೂತು, ನಿಂತು, ಅಡ್ಡಾಡಿ, ಟೊಂಕ ಹಿಡಿಯುವವರನ್ನು ಹಿಂದೆ ಇಟ್ಟುಕೊಂಡು ಹಡೆಯಬೇಕು; ಆದರೆ ಆಪರೇಷನ್ ಥಿಯೇಟರು, ರಕ್ತ, ಮಕ್ಕಳ ಡಾಕ್ಟರು ಕೂಗಳತೆಯಲ್ಲಿ ಇರುವ ಕಡೆ ಹಡೆಯಬೇಕು. ಇವೆರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕು ಎಂದು ನಮಗೆ ಯಾರು ಹೇಳಿದರೋ ಗೊತ್ತಿಲ್ಲ.

ರಜೆಯಲ್ಲಿ ಕುಂತು ಓದಿದಾಗ ಆಶ್ಚರ್ಯವಾಯಿತು. ಆಯಿ ಹೇಳಿದ ಬಹಳಷ್ಟು ವಿಷಯ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೊರಡಿಸಿದ ಹೆರಿಗೆ ಆರೈಕೆಯ ಶಿಫಾರಸುಗಳಲ್ಲೇ ಇದೆ. ಹೆಂಗಸು ತನಗೆ ಬೇಕಾದವರನ್ನು ಜೊತೆಗೆ ಇಟ್ಟುಕೊಳ್ಳಬಹುದು. ಅಪಾಯದ ಲಕ್ಷಣ ಇಲ್ಲದಿದ್ದರೆ ಓಡಾಡಬಹುದು, ನೆಟ್ಟಗೆ ಕೂರಬಹುದು, ಕುಡಿಯಬಹುದು, ಹಗುರಾಗಿ ತಿನ್ನಬಹುದು. ಎಲ್ಲರಿಗೂ ರೂಢಿಯಂತೆ ಕೊಯ್ಯಬಾರದು, ಎಲ್ಲರಿಗೂ ಎನಿಮಾ ಕೊಡಬೇಕಿಲ್ಲ, ಕೂದಲು ಬೋಳಿಸಬೇಕಿಲ್ಲ. ಗರ್ಭಕೋಶದ ಬಾಯಿ ತೆರೆಯುವುದು ತಾಸಿಗೆ ಒಂದು ಸೆಂಟಿಮೀಟರ್ ಆಗಲೇಬೇಕು ಎಂಬ ಹಳೆಯ ಲೆಕ್ಕವನ್ನು ಎಲ್ಲರಿಗೂ ಹಚ್ಚಬಾರದು. 5 ಸೆಂಟಿಮೀಟರ್ ಆದ ಮೇಲೆಯೇ ಹೆರಿಗೆ ಬಿರುಸಾಯಿತು ಎಂದು ಹಿಡಿಯಬೇಕು. ಈ ಕಡೆಯ ಮಾತು ಗಣಿತದವಳಾದ ನನಗೆ ಬಹಳ ಸಮಾಧಾನ ಕೊಟ್ಟಿತು. ನಮ್ಮ ಕೇಂದ್ರ ಸರ್ಕಾರವೂ 2017ರ ಕೊನೆಗೆ ತಂದ 'ಲಕ್ಷ್ಯ' ಕಾರ್ಯಕ್ರಮದಲ್ಲಿ ಸರ್ಕಾರಿ ಹೆರಿಗೆ ಕೋಣೆಗಳಲ್ಲಿ ಗೌರವದ ಆರೈಕೆ ಇರಬೇಕು, ಜೊತೆಗಾತಿಗೆ ಜಾಗ ಇರಬೇಕು ಎಂದಿದೆ. ಅಂದರೆ ನಾವು ಕೇಳುವುದು ಮೇಲಿನವರ ಕೃಪೆಯನ್ನಲ್ಲ.

ಸಿಜೇರಿಯನ್ ಬಗ್ಗೆಯೂ ಒಂದು ಅಂಕಿ ಹೇಳುತ್ತೇನೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 31ಕ್ಕೂ ಹೆಚ್ಚು ಹೆರಿಗೆ ಆಪರೇಷನ್ನಿನಿಂದ ಆಗಿವೆ. ಖಾಸಗಿ ಆಸ್ಪತ್ರೆಗಳಲ್ಲಿ ಅದು ಅರ್ಧದಷ್ಟು. ಬೇಕಾದವರಿಗೆ ಆಪರೇಷನ್ ಜೀವ ಉಳಿಸುತ್ತದೆ. ಅರ್ಧದಷ್ಟು ಹೆಂಗಸರಿಗೆ ಅದು ಬೇಕಾಗುತ್ತದೆಯೇ ಎಂದು ಮಾತ್ರ ನನ್ನ ಮನಸ್ಸು ಕೇಳುತ್ತಲೇ ಇರುತ್ತದೆ.

ಏಳನೇ ತಿಂಗಳಿಗೆ ತವರಿಗೆ ಬಂದ ಕೂಡಲೇ ಮೊದಲು ಮಾಡಿದ ಕೆಲಸ ಆಸ್ಪತ್ರೆ ನೋಡಿದ್ದು. ಗುಳೇದಗುಡ್ಡದಿಂದ ಬಾಗಲಕೋಟೆಗೆ ಅರ್ಧ ಮುಕ್ಕಾಲು ತಾಸಿನ ದಾರಿ. ನವನಗರದ ಒಂದು ಆಸ್ಪತ್ರೆಗೆ ಹೋದೆ. ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಕೇಳಬೇಕಾದ್ದನ್ನೆಲ್ಲ ಬರೆದುಕೊಂಡು ಹೋಗಿದ್ದೆ, ಯಾಕಂದರೆ ಬಾಯಿಲೆ ಕೇಳಲು ಹೋದರೆ ಅರ್ಧ ಮರೆಯುತ್ತೇವೆ, ಉಳಿದರ್ಧ ಕೇಳಲು ಅಂಜುತ್ತೇವೆ. ಮೊದಲನೇ ಸಾಲು: ಒಳಗೆ ನನ್ನ ಜೊತೆ ಯಾರು ಇರಬಹುದು? ಎರಡನೆಯದು: ರಾತ್ರಿ ಎರಡು ಗಂಟೆಗೆ ಆಪರೇಷನ್ ಬೇಕಾದರೆ ಅರಿವಳಿಕೆ ಡಾಕ್ಟರ್ ಎಷ್ಟು ಹೊತ್ತಿನಲ್ಲಿ ಬರುತ್ತಾರೆ, ರಕ್ತ ಎಲ್ಲಿಂದ ಬರುತ್ತದೆ, ಕೂಸಿಗೆ ತೊಂದರೆಯಾದರೆ ಇಲ್ಲೇ ನೋಡುತ್ತೀರೋ ಬೇರೆ ಕಡೆ ಕಳಿಸುತ್ತೀರೋ? ಸಹಜ ಹೆರಿಗೆ ಬಯಸುವವಳು ಮೊದಲು ಕೇಳಬೇಕಾದ್ದು ಇದನ್ನೇ ಎಂದು ನನ್ನ ಗಟ್ಟಿ ನಂಬಿಕೆ. ಆಮೇಲೆ ಅಡ್ಡಾಡುವುದು, ಕುಡಿಯುವುದು, ಕೊಯ್ಯುವುದು, ಬಳ್ಳಿ ಕತ್ತರಿಸುವುದು, ಕೂಸನ್ನು ಎದೆಯ ಮೇಲೆ ಹಾಕುವುದು.

ಡಾಕ್ಟರ್ ಮೇಡಂ ಹಾಳೆ ಇಸಕೊಂಡು ಕನ್ನಡಕ ಏರಿಸಿ ಪೂರ್ತಿ ಓದಿದರು. ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. "ಕುಂದರ್ರಿ" ಅಂದರು. ಪೆನ್ನು ತಗೊಂಡು ಒಂದೊಂದಕ್ಕೂ ಉತ್ತರ ಹೇಳಿದರು. ಅಡ್ಡಾಡಿರಿ, ಅಡ್ಡಿಯಿಲ್ಲ. ಊಟ ಹೊಟ್ಟೆ ತುಂಬ ಬೇಡ, ಗಂಜಿ, ಎಳನೀರು, ಮಜ್ಜಿಗೆ ಸಾಕು. ಬಂದ ಕೂಡಲೇ ಇಪ್ಪತ್ತು ನಿಮಿಷ ಹೊಟ್ಟೆಗೆ ಬೆಲ್ಟ್ ಕಟ್ಟಿ ಕೂಸಿನ ಎದೆಬಡಿತ ನೋಡುತ್ತೇವೆ, ಅದು ಬಿಡುವ ಹಾಗಿಲ್ಲ; ಸರಿ ಇದ್ದರೆ ಆಮೇಲೆ ಆಗಾಗ ಮಷಿನ್ ಇಟ್ಟು ಕೇಳುತ್ತೇವೆ. ಕೈಯಲ್ಲಿ ಸೂಜಿ ಒಂದು ಇರಲಿ, ಸಲಾಯಿನ್ ಬೇಕಾದರೆ ಮಾತ್ರ. ಗಂಡನಿಗೆ ಒಳಗೆ ಬಿಡಲು ಆಗುವುದಿಲ್ಲ, ಬೇರೆ ಹೆಂಗಸರೂ ಇರುತ್ತಾರೆ. ನಿಮ್ಮ ಅವ್ವ ಬರಲಿ. ಕೊಯ್ಯುವ ಮಾತಿಗೆ ಬಂದಾಗ ಪೆನ್ನು ಕೆಳಗಿಟ್ಟು ಹೇಳಿದರು: "ಬೇಕಾದ್ರ ಮಾಡ್ತೀನ್ರಿ. ಆದ್ರ ನಿಮಗ ಹೇಳಿ ಮಾಡ್ತೀನಿ." ನಾನು ಅಲ್ಲೇ ಅತ್ತುಬಿಟ್ಟೆ. ಅವರು ಒತ್ತಾಯಿಸಿ ಕಾರಣ ಕೇಳಲಿಲ್ಲ, ಟೇಬಲ್ ಮೇಲಿನ ನೀರಿನ ಬಾಟಲಿ ನನ್ನ ಕಡೆ ಸರಿಸಿದರು.

ಹೊರಗೆ ಬರುವ ಮುಂದೆ ಹೆರಿಗೆ ಕೋಣೆ ತೋರಿಸಿ ಎಂದು ಕೇಳಿಕೊಂಡೆ. ಸಿಸ್ಟರ್ ಕರೆದುಕೊಂಡು ಹೋಗಿ ತೋರಿಸಿದರು. ಮಂಚದ ತಲೆಭಾಗ ಹೇಗೆ ಎತ್ತುತ್ತದೆ, ಪಾಯಖಾನೆ ಎಲ್ಲಿದೆ, ಅಡ್ಡಾಡುವ ವರಾಂಡ ಎಷ್ಟು ಉದ್ದ. ಒಂದು ಸಲ ಕಣ್ಣಿಂದ ನೋಡಿದ ಕೋಣೆ ಅರ್ಧ ಹೆದರಿಕೆ ಕಳೆಯುತ್ತದೆ.

ಮೈಯ ತಯಾರಿಯಲ್ಲಿ ದೊಡ್ಡ ಕೆಲಸ ರಕ್ತದ್ದು. ಐದನೇ ತಿಂಗಳಲ್ಲಿ ನನ್ನ ಹಿಮೋಗ್ಲೋಬಿನ್ 9.4 ಇತ್ತು, 11 ಇರಬೇಕು. ರಕ್ತ ಕಡಿಮೆ ಇರುವವಳಿಗೆ ಹೆರಿಗೆಯಲ್ಲಿ ಹೋಗುವ ಸ್ವಲ್ಪ ರಕ್ತವೂ ದುಬಾರಿ. ಕಬ್ಬಿಣದ ಗುಳಿಗೆ ತಗೊಳ್ಳುತ್ತಲೇ ಇದ್ದೆ, ಏರಲಿಲ್ಲ. ಆಶಾ ಅಕ್ಕ ತಾಯಿ ಕಾರ್ಡ್ ನೋಡುತ್ತ ಕೇಳಿದಳು, "ಗುಳಿಗಿ ನುಂಗಿ ಎಷ್ಟ ಹೊತ್ತಿಗೆ ಚಾ ಕುಡೀತೀರಿ?" ಊಟ ಆಯಿತು, ಗುಳಿಗೆ ಆಯಿತು, ಹಿಂದೆಯೇ ಚಹಾ. ಚಹಾ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ ಎಂದು ಅವಳು ಹೇಳಿದ ಮೇಲೆ ಚಹಾವನ್ನು ಎರಡು ತಾಸು ಆಚೆ ಇಟ್ಟೆ, ಗುಳಿಗೆಯನ್ನು ಲಿಂಬೆ ಪಾನಕದ ಜೊತೆ ನುಂಗಿದೆ. ಮೊಳಕೆ ಬಂದ ಮಡಕಿ ಕಾಳು, ಮೆಂತ್ಯದ ಪಲ್ಯ, ಜೋಳದ ರೊಟ್ಟಿ, ಶೇಂಗಾ ಹಿಂಡಿ ನಮ್ಮ ಮನೆಯ ದಿನದ ಊಟವೇ. ಎಂಟೂವರೆ ತಿಂಗಳಿಗೆ 11.2 ಆಯಿತು. ಹಾಗೂ ಏರದವರಿಗೆ ಡಾಕ್ಟರು ಸಲಾಯಿನ್ನಿನಲ್ಲಿ ಕಬ್ಬಿಣ ಕೊಡುತ್ತಾರೆ, ಅಂಜಬೇಡಿ.

ಹಿರಿಯರ ಸಲಹೆಗಳಿಗೆ ಕೊರತೆ ಇರಲಿಲ್ಲ. ಕೂಸು ದೊಡ್ಡದಾಗುತ್ತದೆ, ಕಡಿಮೆ ಉಣ್ಣು ಅಂದರು; ಕೇಳಲಿಲ್ಲ. ತುಪ್ಪ ಕುಡಿದರೆ ಕೂಸು ಜಾರಿ ಬರುತ್ತದೆ ಅಂದರು. ತುಪ್ಪ ಹೋಗುವ ದಾರಿ ಬೇರೆ, ಕೂಸು ಬರುವ ದಾರಿ ಬೇರೆ, ರುಚಿಗೆ ಎಷ್ಟು ಬೇಕೋ ಅಷ್ಟು ತಿಂದೆ. ಒಂಬತ್ತು ತುಂಬುತ್ತಲೇ ಔಡಲೆಣ್ಣೆ ಕುಡಿಸೋಣ ಎಂದ ಅತ್ತೆಯವರಿಗೆ ಮಾತ್ರ ಕೈ ಮುಗಿದು ಬೇಡ ಅಂದೆ. ಡಾಕ್ಟರಿಗೆ ಕೇಳದೆ ಅದನ್ನು ಕುಡಿಯಬಾರದು. ಭೇದಿ ಹತ್ತಿ ಮೈ ನೀರು ಕಳೆದುಕೊಂಡವಳು ಬೇನೆ ತಿನ್ನುವುದು ಹೇಗೆ?

ದಿನವೂ ಸಂಜೆ ನಡೆದೆ. ನೆಲದ ಮೇಲೆ ಕುಂತೇ ರೊಟ್ಟಿ ಬಡಿದೆ, ಎಡಮಗ್ಗುಲಿಗೆ ಮಲಗಿದೆ. 35ನೇ ವಾರದಿಂದ ಸಿಸ್ಟರ್ ಹೇಳಿಕೊಟ್ಟ ಹಾಗೆ ಕೈ ತೊಳೆದುಕೊಂಡು, ಕೊಬ್ಬರಿ ಎಣ್ಣೆ ಹಚ್ಚಿ ಕೆಳಗಿನ ಚರ್ಮವನ್ನು ನಿಧಾನಕ್ಕೆ ಸಡಿಲಿಸುವ ಮಾಲೀಸು ಮಾಡಿಕೊಂಡೆ. ಇದನ್ನು ಬರೆಯಲು ನಾಚಿಕೆ ಯಾಕೆ? ಹರಿಯುವುದು, ಹೊಲಿಗೆ ಬೀಳುವುದು ಇದರಿಂದ ಕಡಿಮೆಯಾಗುತ್ತದೆ, ಅದರಲ್ಲೂ ಮೊದಲ ಹೆರಿಗೆಯವರಿಗೆ. ನಮ್ಮಲ್ಲಿ ಯಾರೂ ಯಾರಿಗೂ ಹೇಳುವುದಿಲ್ಲ.

ಉಸಿರಿನದ್ದು ನನಗೆ ಅಪ್ಪನ ಮಗ್ಗ ಕಲಿಸಿತು. ಮನೆಯ ಪಡಸಾಲೆಗೆ ಹತ್ತಿದ ಕೋಣೆಯಲ್ಲಿ ಕುಣಿ ಮಗ್ಗ. ಅಪ್ಪ ಕುಣಿಯೊಳಗೆ ಕಾಲು ಇಳಿಬಿಟ್ಟು ಕುಂತರೆ ಮೈ ನೆಲದ ಮಟ್ಟಕ್ಕೆ ಬರುತ್ತದೆ. ಹಗ್ಗ ಜಗ್ಗಿದಾಗ ಲಾಳಿ ಒಂದು ಬದಿಯಿಂದ ಇನ್ನೊಂದಕ್ಕೆ ಓಡುತ್ತದೆ, ಹಣಿಗೆ ಬಂದು ಎಳೆಯನ್ನು ಒತ್ತುತ್ತದೆ, ಕಾಲು ಬದಲಾಗುತ್ತದೆ, ಲಾಳಿ ಮರಳಿ ಬರುತ್ತದೆ. ನಾನು ಹುಟ್ಟಿದಾಗಿನಿಂದ ಕೇಳಿದ ಸಪ್ಪಳ. ಮಧ್ಯಾಹ್ನ ಆ ಕೋಣೆಯ ಗೋಡೆಗೆ ಒರಗಿ ಕಣ್ಣು ಮುಚ್ಚಿ ಅದರ ಜೊತೆ ಉಸಿರಾಡುವ ರೂಢಿ ಮಾಡಿದೆ. ನಾಲ್ಕು ಸಪ್ಪಳಕ್ಕೆ ಉಸಿರು ಒಳಗೆ, ಎಂಟು ಸಪ್ಪಳಕ್ಕೆ ಹೊರಗೆ. ಹೊರಗೆ ಬಿಡುವಾಗ ತುಟಿ ಸಡಿಲ, ದವಡೆ ಸಡಿಲ, ಹೆಗಲು ಇಳಿಬಿಟ್ಟು. ಬಿರುಸಿನ ಬೇನೆ ಒಂದು ನಿಮಿಷದ ಆಸುಪಾಸು ಇರುತ್ತದೆ. ಹೀಗೆ ಉಸಿರಾಡಿದರೆ ಅಷ್ಟರಲ್ಲಿ ಉಸಿರು ಐದಾರೇ ಸಲ ಹೋಗಿ ಬರುತ್ತದೆ. ಐದಾರು ಉಸಿರು ಯಾರಿಗಾದರೂ ಎಣಿಸಲು ಸಾಧ್ಯ. "ಇಡೀ ರಾತ್ರಿ ನೋವು" ಅಂದರೆ ತಲೆ ಕೆಡುತ್ತದೆ. "ಐದು ಉಸಿರು, ಆಮೇಲೆ ಬಿಡುವು" ಅಂದರೆ ತಾಳಬಹುದು ಅನಿಸುತ್ತದೆ. ಅವ್ವನೂ ನನ್ನ ಜೊತೆ ಕಲಿತಳು. ಎರಡು ದಿನ ಕಳೆಯುವುದರಲ್ಲಿ ಅಪ್ಪನಿಗೂ ಗೊತ್ತಾಗಿ, ನಾನು ಬಂದು ಕುಂತ ಕೂಡಲೇ ಏನೂ ಮಾತಾಡದೆ ಕೈಯ ವೇಗ ಇಳಿಸುತ್ತಿದ್ದ.

ಚೀಲದಲ್ಲಿ ಹೆಚ್ಚೇನಿರಲಿಲ್ಲ: ತಾಯಿ ಕಾರ್ಡ್, ಆಧಾರ್, ರಿಪೋರ್ಟುಗಳು, ಆ ಹಾಳೆ, ಮುಂದೆ ಗುಂಡಿ ಇರುವ ಎರಡು ನೈಟಿ, ಪ್ಯಾಡು. ಕುದಿ ನೀರಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸಿದ ಹಳೆಯ ಇಳಕಲ್ ಸೀರೆಯ ತುಂಡುಗಳು, ಅವುಗಳಷ್ಟು ಮೆತ್ತಗಿನ ಬಟ್ಟೆ ಕೂಸಿಗೆ ಬೇರೆ ಇಲ್ಲ. ಅವ್ವ ಹೊಲಿದ ಖಣದ ಕುಂಚಿಗೆ, ಒಳಗೆ ಮೆತ್ತನೆ ಹತ್ತಿ ಅಸ್ತರು ಹಚ್ಚಿದ್ದು. ಕಾಕಾನ ಮಗನ ಕಾರಿಗೆ ಹೇಳಿ ಇಟ್ಟಿದ್ದೆವು. ಅದು ಸಿಗದಿದ್ದರೆ 108.

ಸಂಕ್ರಾಂತಿ ಮುಗಿದ ಮರುವಾರ, 39 ವಾರ 2 ದಿನ. ರಾತ್ರಿ ಎರಡೂವರೆಗೆ ಎಚ್ಚರವಾಯಿತು. ಬಟ್ಟೆಗೆ ಲೋಳೆಯ ಜೊತೆ ಒಂದಿಷ್ಟು ಕೆಂಪು. ಬೇನೆ ಹತ್ತು ಹನ್ನೆರಡು ನಿಮಿಷಕ್ಕೊಂದು. ಅವ್ವನನ್ನು ಎಬ್ಬಿಸಿದೆ. ಬಿಸಿ ನೀರು ಕಾಸಿ ಜಳಕ ಮಾಡಿಸಿದಳು, ಗಂಜಿಗೆ ಬೆಲ್ಲ ಹಾಕಿ ಕೊಟ್ಟಳು. ಪಡಸಾಲೆಯಲ್ಲಿ ಅಡ್ಡಾಡಿದೆ. ಮೊದಲ ಹೆರಿಗೆಯವರಾದರೆ ಬೇನೆ ಐದು ನಿಮಿಷಕ್ಕೊಂದು, ಒಂದೊಂದು ನಿಮಿಷ, ಒಂದು ತಾಸು ಹಾಗೇ ಬಂದ ಮೇಲೆ ಹೊರಡಬಹುದು ಎನ್ನುತ್ತಾರೆ. ಎರಡನೆಯದು ಬೇಗ ಆಗುತ್ತದೆ, ದಾರಿಯೂ ದೂರ, ಅದಕ್ಕೆ ನಾವು ಏಳು ನಿಮಿಷಕ್ಕೇ ಹೊರಟೆವು. ಕೆಲವಕ್ಕೆ ಮಾತ್ರ ಯಾವ ಲೆಕ್ಕವನ್ನೂ ಕಾಯಬಾರದು: ರಕ್ತ ಹರಿದು ಹೋಗುವುದು, ನೀರು ಹೋಗುವುದು (ಅದು ಹಸಿರಾಗಿದ್ದರಂತೂ ಓಡಬೇಕು), ಕೂಸಿನ ಆಟ ಕಡಿಮೆಯಾಗುವುದು, ತಲೆ ಸಿಡಿದು ಕಣ್ಣು ಮಂಜಾಗುವುದು, ಜ್ವರ, 37 ವಾರಕ್ಕೆ ಮೊದಲೇ ಬೇನೆ. ಆಗ ಅಡ್ಡಾಡುವುದು, ಗಂಜಿ, ಜಳಕ ಎಲ್ಲ ಬಿಟ್ಟು ನೇರ ಆಸ್ಪತ್ರೆಗೆ ಹೋಗಬೇಕು.

ಐದೂ ನಲವತ್ತಕ್ಕೆ ಸಿಸ್ಟರ್ ನೋಡಿ "5 ಸೆಂಟಿಮೀಟರ್" ಅಂದರು. ಬೆಲ್ಟ್ ಕಟ್ಟಿದರು. ಕೂಸಿನ ಎದೆಬಡಿತ 140ರ ಹತ್ತಿರ. 110ರಿಂದ 160ರೊಳಗೆ ಇರಬೇಕು. ಆ ಸಪ್ಪಳ ಅವ್ವನಿಗೂ ಕೇಳಿಸಿದರು. ನಾಲ್ಕು ಮಕ್ಕಳನ್ನು ಹಡೆದ ಅವ್ವ ತನ್ನ ಒಂದು ಕೂಸಿನದ್ದೂ ಆ ಸಪ್ಪಳ ಕೇಳಿರಲಿಲ್ಲ. ಸೆರಗು ಬಾಯಿಗೆ ಹಿಡಿದು ನಿಂತಳು.

ಆಮೇಲೆ ವರಾಂಡದಲ್ಲಿ ಅಡ್ಡಾಡಿದೆವು. ಬೇನೆ ಬಂದಾಗ ಗೋಡೆಗೆ ಎರಡೂ ಕೈ ಕೊಟ್ಟು ಬಾಗಿ ನಿಲ್ಲುತ್ತಿದ್ದೆ. ಅವ್ವ ಹಿಂದೆ ನಿಂತು ಅಂಗೈಯಿಂದ ಟೊಂಕ ಒತ್ತುತ್ತಿದ್ದಳು, ಆಯಿಯ ಅತ್ತೆ ಹಿಡಿದಿದ್ದ ಹಾಗೆಯೇ ಇರಬೇಕು. "ಬಿಡು... ಬಿಡು... ಉಸರ ಬಿಡು. ಹಲ್ಲ ಕಡೀಬ್ಯಾಡ." ಬೇನೆ ಹೋದ ಮೇಲೆ ಎರಡು ಗುಟುಕು ಎಳನೀರು. ಮತ್ತೆ ನಡಿಗೆ. ಅರ್ಧ ತಾಸಿಗೊಮ್ಮೆ ಸಿಸ್ಟರ್ ಬಂದು ಮಷಿನ್ ಇಟ್ಟು ಕೇಳಿ ಹೋಗುತ್ತಿದ್ದರು, ಬೇನೆ ಬಂದಿದ್ದರೆ ಅದು ಮುಗಿಯುವ ತನಕ ಕಾದು ನಿಲ್ಲುತ್ತಿದ್ದರು. ಅವರು ಹಾಗೆ ಕಾದದ್ದನ್ನು ನಾನು ಇವತ್ತಿಗೂ ಮರೆತಿಲ್ಲ.

ಎಂಟು ದಾಟಿದ ಮೇಲೆ ಎಲ್ಲ ತಪ್ಪಿತು. ಕೈಕಾಲು ನಡುಗಿದವು, ವಾಂತಿಯಾಯಿತು. ಮಗ್ಗದ ಸಪ್ಪಳವೂ ಇಲ್ಲ, ಎಣಿಕೆಯೂ ಇಲ್ಲ. "ನನ್ನ ಕೈಲೆ ಆಗೂದಿಲ್ಲವ್ವಾ, ಸಿಜರ್ ಮಾಡಾಕ ಹೇಳು" ಎಂದು ಚೀರಿದೆ. ಅವ್ವ ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು. "ನಂಗೂ ನಾಲ್ಕೂ ಸಲ ಹಂಗ ಅನಿಸಿತ್ತು ನೋಡವಾ. ಹಂಗ ಅನಸ್ತದಂದ್ರ ಹತ್ರ ಬಂತು ಅಂತ ತಿಳಿ. ನಾ ಇಲ್ಲೇ ಅದೀನಿ." ಸಿಸ್ಟರ್ ನೋಡಿದರು: 9. ಮೊದಲ ಸಲ ಇದೇ ಘಳಿಗೆಯಲ್ಲಿ ನಾನು ಪರದೆಯ ಕೊಂಡಿ ಎಣಿಸುತ್ತಿದ್ದೆ.

ಮಂಚದ ತಲೆಭಾಗ ಎತ್ತಿ ಕೂರಿಸಿದರು. ಅದು ಹಿಡಿಸಲಿಲ್ಲ, ಎಡಕ್ಕೆ ಮಗ್ಗುಲಾದೆ, ಆಗಲಿ ಅಂದರು. ಸಿಸ್ಟರ್ ಬಿಸಿ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಕೆಳಗೆ ಹಿಡಿದರು. "ಮೈ ಹೇಳಿದಾಗ ಜೋರ ಹಚ್ಚರಿ" ಅಂದರು, ಆಮೇಲೆ ತಲೆ ಕಾಣುತ್ತಲೇ "ಈಗ ಬ್ಯಾಡ, ಊದರಿ, ಊದರಿ, ದೀಪಾ ಊದಿದಂಗ." ಊದಿದೆ. ಎಂಟೂ ಐವತ್ತೆರಡಕ್ಕೆ ಮಗಳು ಹುಟ್ಟಿದಳು. 2 ಕಿಲೋ 900 ಗ್ರಾಂ. ಕೊಯ್ಯಲಿಲ್ಲ. ಸ್ವಲ್ಪ ಹರಿದಿತ್ತು, ಎರಡು ಹೊಲಿಗೆ, ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಹೇಳಿ ಹಾಕಿದರು.

ಒರೆಸಿ ಎದೆಯ ಮೇಲೆ ಹಾಕಿದರು. ಬಿಸಿ, ಹಸಿ, ಭಾರ. ಹೊಕ್ಕುಳ ಬಳ್ಳಿಯ ಇನ್ನೊಂದು ತುದಿ ಇನ್ನೂ ನನ್ನೊಳಗೇ ಇತ್ತು. ಸಿಸ್ಟರ್ ನನ್ನ ಎರಡು ಬೆರಳನ್ನು ಅದರ ಮೇಲೆ ಇರಿಸಿದರು. ನೀಲಿ ಮಿಶ್ರಿತ ಬಿಳಿ, ಅಪ್ಪ ಮೂರೆಳೆ ಸೇರಿಸಿ ಹುರಿ ಹಾಕಿದ ದಾರದ ಹಾಗೆ ತಿರುವಿಕೊಂಡಿತ್ತು, ಬೆರಳಿನ ಕೆಳಗೆ ಟಕ್ ಟಕ್ ಬಡಿಯುತ್ತಿತ್ತು. ನಿಧಾನವಾಯಿತು. ಮೆತ್ತಗಾಯಿತು. ನಿಂತಿತು. ಆಮೇಲೆ ಕತ್ತರಿಸಿದರು. ಒಂದು ನಿಮಿಷವಾದರೂ ಕಾದರೆ ಕೂಸಿಗೆ ಸೇರಬೇಕಾದ ರಕ್ತ ಸೇರುತ್ತದೆ, ಮುಂದೆ ಕಬ್ಬಿಣದ ಕೊರತೆ ಕಡಿಮೆ. ಒಂದು ತಾಸಿನೊಳಗೆ ಹಾಲು ಹಿಡಿದಳು. ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲುವ ಪದ್ಧತಿ ನಮ್ಮ ಕಡೆ ಇನ್ನೂ ಕೆಲವು ಮನೆಯಲ್ಲಿದೆ. ದಯವಿಟ್ಟು ಚೆಲ್ಲಬೇಡಿ. ಅದು ಕೂಸಿನ ಮೊದಲ ಲಸಿಕೆ ಇದ್ದ ಹಾಗೆ.

ಕೂಸು ಬಂದ ಕೂಡಲೇ ನನ್ನ ತೊಡೆಗೆ ಒಂದು ಇಂಜೆಕ್ಷನ್ ಕೊಟ್ಟರು, ರಕ್ತ ಹೆಚ್ಚು ಹೋಗದಂತೆ ಗರ್ಭಕೋಶ ಬಿಗಿಯಲು. ಸಹಜ ಹೆರಿಗೆ ಅಂದರೆ ಔಷಧಿಯನ್ನೇ ಮುಟ್ಟಬಾರದು ಎಂದು ಹಟ ಹಿಡಿಯುವವರನ್ನು ಕಂಡಿದ್ದೇನೆ. ಇದೊಂದನ್ನು ಬೇಡ ಅನ್ನಬೇಡಿ. ಹೆರಿಗೆಯಾದ ಮೇಲೆ ರಕ್ತ ಹೋಗಿಯೇ ಬಹಳ ತಾಯಂದಿರು ಸಾಯುತ್ತಿದ್ದರು, ಈಗಲೂ ಸಾಯುತ್ತಾರೆ. ಆಯಿಯ ತಂಗಿ ಹೋದದ್ದು ಹಾಗೆ.

ನನ್ನ ನೆಗೆಣ್ಣಿಯೂ ಹೋದ ವರ್ಷ ಇದೇ ರೀತಿ ತಯಾರಾಗಿದ್ದಳು. ನಡೆದಳು, ಉಸಿರು ಕಲಿತಳು, ಹಾಳೆ ಬರೆದಳು. 7 ಸೆಂಟಿಮೀಟರಿಗೆ ಕೂಸಿನ ಎದೆಬಡಿತ 80ಕ್ಕೆ ಇಳಿದು ಏರಲಿಲ್ಲ. ಅರ್ಧ ತಾಸಿನೊಳಗೆ ಆಪರೇಷನ್ ಆಯಿತು, ಗಂಡುಮಗು, ಆರಾಮ. ಅವಳು ನನಗೆ ಫೋನಿನಲ್ಲಿ "ಸೋತ್ನೆ ಅಕ್ಕಾ" ಅಂದಾಗ ನನಗೆ ಕರುಳು ಕಿವಿಚಿದ ಹಾಗಾಯಿತು. ಎಲ್ಲಿಯ ಸೋಲು? ಯಾಕೆ ಆಪರೇಷನ್ ಎಂದು ಅವಳಿಗೆ ಗೊತ್ತಿತ್ತು, ಡಾಕ್ಟರು ಹೇಳಿ ಮಾಡಿದರು, ಅವಳ ಅವ್ವ ಥಿಯೇಟರಿನ ಬಾಗಿಲ ತನಕ ಕೈ ಬಿಡಲಿಲ್ಲ. ನನ್ನ ಮೊದಲ "ನಾರ್ಮಲ್" ನನಗೆ ಕೊಡದದ್ದನ್ನೆಲ್ಲ ಅವಳ ಸಿಜೇರಿಯನ್ ಅವಳಿಗೆ ಕೊಟ್ಟಿತು.

ತಂಗಿಗೆ ಈಗ ಏಳು ತಿಂಗಳು. ದಿನ ತುಂಬುವ ಹೊತ್ತಿಗೆ ಅವ್ವನಿಗೆ ಮೊಣಕಾಲು ನೋವಿನಿಂದ ತಾಸುಗಟ್ಟಲೆ ನಿಲ್ಲಲು ಆಗಲಿಕ್ಕಿಲ್ಲ, ಅದಕ್ಕೆ ಅವಳ ಜೊತೆ ಒಳಗೆ ಹೋಗುವವಳು ನಾನು. ಶಾಲೆಗೆ ರಜೆ ಬರೆದುಕೊಟ್ಟಿದ್ದೇನೆ. ನಿನ್ನೆ ರಾತ್ರಿ ಅವಳು ತನ್ನ ಹಾಳೆಯ ಫೋಟೋ ಕಳಿಸಿದಳು. ನನ್ನ ಪ್ರಶ್ನೆಗಳೆಲ್ಲ ಇದ್ದವು, ಕೆಳಗೆ ಅವಳದೇ ಒಂದು ಇತ್ತು, ನನಗೆ ಎರಡು ಹೆರಿಗೆಯಲ್ಲೂ ಹೊಳೆಯದಿದ್ದದ್ದು: "ರಾತ್ರಿಯೆಲ್ಲಾ ನಮ್ಮ ಅಕ್ಕಗ ಕುಂದರಾಕ ಒಂದು ಕುರ್ಚಿ ಕೊಡ್ತೀರೇನ್ರಿ?"